ಕಟ್ಟಡಕ್ಕೂ ಮೊದಲು ಕಟ್ಟುವ ಜಾಲ

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ನಿರ್ಮಾಣ ಆರಂಭವಾದದ್ದು 1930ರ ಮಾರ್ಚ್ 17ರಂದು. 102 ಅಂತಸ್ತಿನ ಆ ಕಟ್ಟಡ ಉದ್ಘಾಟನೆಯಾದದ್ದು 1931ರ ಮೇ 1ರಂದು. ಲೆಕ್ಕ ಹಾಕಿದರೆ 410 ದಿನ. ಉಕ್ಕಿನ ಚೌಕಟ್ಟು ವಾರಕ್ಕೆ ಸರಾಸರಿ ನಾಲ್ಕೂವರೆ ಅಂತಸ್ತಿನಂತೆ ಮೇಲೇರಿತು. ಆ ಕಾಲಕ್ಕೆ ಕಂಪ್ಯೂಟರ್ ಇರಲಿಲ್ಲ. ಇಂದು ದೊಡ್ಡ ಕಾಮಗಾರಿಗಳ ಜೀವಾಳವೆಂದು ಎಂಜಿನಿಯರುಗಳು ಹೇಳುವ ಕಾರ್ಯಜಾಲ ನಕ್ಷೆಯೂ ಇರಲಿಲ್ಲ. ಹಾಗಾದರೆ ಅದು ಸಾಧ್ಯವಾದದ್ದು ಹೇಗೆ?

ಉತ್ತರದ ಮುಖ್ಯ ಭಾಗ ಕಟ್ಟಡದ ಸ್ವರೂಪದಲ್ಲೇ ಇದೆ. ಬಹುಪಾಲು ಮಹಡಿಗಳಲ್ಲಿ ಆಗಬೇಕಾದ ಕೆಲಸ ಒಂದೇ ಬಗೆಯದು. ಉಕ್ಕು ಜೋಡಿಸುವವರ ಹಿಂದೆ ಕಾಂಕ್ರೀಟಿನವರು, ಅವರ ಹಿಂದೆ ಇಟ್ಟಿಗೆಯವರು, ಅವರ ಹಿಂದೆ ಕೊಳಾಯಿಯವರು, ಹೀಗೆ ಒಂದು ತಂಡದ ಬೆನ್ನಿಗೆ ಮತ್ತೊಂದು ತಂಡ ಮೇಲಕ್ಕೆ ಹತ್ತುತ್ತಿತ್ತು. ಗುತ್ತಿಗೆದಾರರಾದ ಸ್ಟಾರೆಟ್ ಸೋದರರು ಮತ್ತು ಈಕನ್ ಮಹಡಿಗಳೊಳಗೆ ಪುಟ್ಟ ಹಳಿಗಳನ್ನು ಹಾಕಿಸಿ ಸಾಮಾನುಗಳನ್ನು ಗಾಡಿಗಳಲ್ಲಿ ತಳ್ಳಿಸಿದರು. ಅವರಿಗೆ ಬೇಕಾಗಿದ್ದುದು ರೈಲ್ವೆಯವರ ವೇಳಾಪಟ್ಟಿಯಂಥ ಒಂದು ಪಟ್ಟಿ. ಅದನ್ನು ಅವರು ಮಾಡಿಕೊಂಡರು, ನಿಷ್ಠುರವಾಗಿ ಪಾಲಿಸಿದರು.

ಎಲ್ಲ ನಿರ್ಮಾಣವೂ ಇಂಥದ್ದಲ್ಲ. ಒಂದು ರಾಸಾಯನಿಕ ಕಾರ್ಖಾನೆಯನ್ನೋ ವಿದ್ಯುತ್ ಸ್ಥಾವರವನ್ನೋ ತೆಗೆದುಕೊಳ್ಳಿ. ಅಲ್ಲಿ ಒಂದು ಕೆಲಸದಂತೆ ಇನ್ನೊಂದು ಇರುವುದಿಲ್ಲ. ಬಾಯ್ಲರು ಬಾರದೆ ಅದರ ಸುತ್ತಲಿನ ಗೋಡೆ ಮುಚ್ಚುವಂತಿಲ್ಲ. ಗೋಡೆ ಮುಚ್ಚದೆ ಒಳಗಿನ ವಿದ್ಯುತ್ ಫಲಕ ಕೂರಿಸುವಂತಿಲ್ಲ. ಬಾಯ್ಲರಿನ ಅಡಿಪಾಯದ ಅಳತೆ ಬೇಕಾದರೆ ಅದನ್ನು ತಯಾರಿಸುವ ಕಂಪೆನಿಯಿಂದ ನಕ್ಷೆ ಬರಬೇಕು. ಒಂದರ ಕಾಲಿಗೆ ಇನ್ನೊಂದರ ಹಗ್ಗ. ಈ ಹಗ್ಗಗಳನ್ನು ಕಾಗದದ ಮೇಲೆ ಕಾಣಿಸುವ ಉಪಾಯ ಹುಟ್ಟಲು ಎಂಪೈರ್ ಸ್ಟೇಟ್ ಮುಗಿದ ಮೇಲೂ ಕಾಲು ಶತಮಾನ ಹಿಡಿಯಿತು.

ಅದಕ್ಕೂ ಮೊದಲು ಇದ್ದದ್ದು ಪಟ್ಟಿನಕ್ಷೆ. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ (1861-1919) ಬಳಕೆಗೆ ತಂದ ಈ ನಕ್ಷೆಯನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಎಡಗಡೆ ಕೆಲಸಗಳ ಹೆಸರು, ಮೇಲ್ಗಡೆ ದಿನಾಂಕಗಳು, ನಡುವೆ ಪ್ರತಿ ಕೆಲಸಕ್ಕೂ ಒಂದು ಅಡ್ಡಪಟ್ಟಿ. ಎಲ್ಲಿಂದ ಎಲ್ಲಿಯವರೆಗೆ ಪಟ್ಟಿ ಇದೆಯೋ ಅಷ್ಟು ದಿನ ಆ ಕೆಲಸ. ಮೊದಲ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳಲ್ಲೂ ಹಡಗುಕಟ್ಟೆಗಳಲ್ಲೂ ಇದು ಹೆಸರು ಮಾಡಿತು. ಓದಲು ಬಾರದವನಿಗೂ ಅರ್ಥವಾಗುವಷ್ಟು ಸರಳವಾದ ಚಿತ್ರ ಇದು.

ಗ್ಯಾಂಟ್‌ಗಿಂತ ಮೊದಲೇ, 1896ರಲ್ಲಿ, ಪೋಲೆಂಡಿನ ಕಾರೊಲ್ ಆಡಮಿಯೆಟ್ಸ್ಕಿ ಎಂಬ ಎಂಜಿನಿಯರ್ ಉಕ್ಕಿನ ಕಾರ್ಖಾನೆಗಳಿಗಾಗಿ 'ಹಾರ್ಮೊನೋಗ್ರಾಮ್' ಎಂಬ ನಕ್ಷೆಯನ್ನು ರೂಪಿಸಿದ್ದ. ಅದರಲ್ಲಿ ಪ್ರತಿ ಕೆಲಸಕ್ಕೂ ಸರಿಸಬಹುದಾದ ಒಂದು ಕಾಗದದ ಪಟ್ಟಿ. ಈ ಕೆಲಸಕ್ಕೆ ಹಿಂದಿನದು ಯಾವುದು, ಮುಂದಿನದು ಯಾವುದು ಎಂಬುದನ್ನೂ ಆ ಪಟ್ಟಿಯ ಮೇಲೆ ಬರೆದಿರುತ್ತಿತ್ತು. ಅಂದರೆ ಗ್ಯಾಂಟ್ ಬಿಟ್ಟ ಅಂಶವನ್ನು ಆಡಮಿಯೆಟ್ಸ್ಕಿ ಹಿಡಿದಿದ್ದ. ಆದರೆ ಅವನು ಅದನ್ನು ಲೇಖನವಾಗಿ ಪ್ರಕಟಿಸಿದ್ದು 1931ರಲ್ಲಿ, ಅದೂ ಪೋಲಿಷ್ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಬಾರದ ಜ್ಞಾನಕ್ಕೆ ಲೋಕದಲ್ಲಿ ಒದಗುವ ಗತಿಯೇ ಇದಕ್ಕೂ ಒದಗಿತು.

ಗ್ಯಾಂಟ್ ನಕ್ಷೆ ಬಿಟ್ಟದ್ದೇನು? ಅದು 'ಯಾವಾಗ' ಎಂಬುದನ್ನು ಹೇಳುತ್ತದೆ, 'ಯಾಕೆ ಆಗ' ಎಂಬುದನ್ನು ಹೇಳುವುದಿಲ್ಲ. ಮೂರನೆಯ ಸಾಲಿನ ಕೆಲಸ ಹತ್ತು ದಿನ ತಡವಾದರೆ ಹದಿನೇಳನೆಯ ಸಾಲಿನ ಕೆಲಸಕ್ಕೆ ಏನಾಗುತ್ತದೆ? ಪಟ್ಟಿಗಳು ಮೌನವಾಗಿ ಮಲಗಿರುತ್ತವೆ. ಅನುಭವಸ್ಥ ಮೇಲ್ವಿಚಾರಕನ ತಲೆಯಲ್ಲಿ ಉತ್ತರವಿದ್ದೀತು. ಅವನಿಗೆ ಜ್ವರ ಬಂದರೆ ಉತ್ತರವೂ ಅವನ ಮನೆಯಲ್ಲೇ ಮಲಗುತ್ತದೆ.

1956ರ ಕೊನೆಯ ಹೊತ್ತಿಗೆ ಅಮೆರಿಕದ ಪ್ರಸಿದ್ಧ ರಾಸಾಯನಿಕ ಕಂಪೆನಿ ಡುಪಾಂಟ್‌ನಲ್ಲಿ ಒಂದು ವಿಚಿತ್ರ ಸಮಸ್ಯೆ ಇತ್ತು. ಅವರು ಯೂನಿವ್ಯಾಕ್ ಎಂಬ ದೈತ್ಯ ಗಣಕಯಂತ್ರವನ್ನು ಕೊಂಡಿದ್ದರು. ಅದಕ್ಕೆ ಸಾಕಷ್ಟು ಕೆಲಸ ಇರಲಿಲ್ಲ. ಸಂಬಳದ ಲೆಕ್ಕವನ್ನಲ್ಲದೆ ಮತ್ತೇನನ್ನು ಇದರಿಂದ ಮಾಡಿಸಬಹುದು ಎಂದು ಹುಡುಕುತ್ತಿದ್ದರು. ಕಂಪೆನಿಯ ಎಂಜಿನಿಯರಿಂಗ್ ವಿಭಾಗದ ಮಾರ್ಗನ್ ವಾಕರ್ ಅವರಿಗೆ ತಮ್ಮ ಕಾರ್ಖಾನೆಗಳ ನಿರ್ಮಾಣದ ವೇಳಾಪಟ್ಟಿಯನ್ನು ಅದರ ಕೈಗೊಪ್ಪಿಸಬಾರದೇಕೆ ಎನ್ನಿಸಿತು. ಯೂನಿವ್ಯಾಕ್ ತಯಾರಿಸಿದ ರೆಮಿಂಗ್ಟನ್ ರ್‍ಯಾಂಡ್ ಕಂಪೆನಿಯಿಂದ ಜೇಮ್ಸ್ ಕೆಲಿ ಎಂಬ ಯುವ ಗಣಿತಜ್ಞ ಅವರ ಜೊತೆಗೂಡಿದರು. ಹೊಸ ವಿಧಾನವೊಂದು ಹುಟ್ಟಿದ್ದಕ್ಕೆ ಕಾರಣ ಕಾಮಗಾರಿಗಳ ಸಂಕಟ ಮಾತ್ರವಲ್ಲ, ಕೆಲಸವಿಲ್ಲದೆ ಕುಳಿತಿದ್ದ ದುಬಾರಿ ಯಂತ್ರವೂ ಹೌದು. ಯಂತ್ರಗಳ ಇತಿಹಾಸದಲ್ಲಿ ಇದು ಅಪರೂಪವೇನಲ್ಲ.

ಗಣಕಯಂತ್ರಕ್ಕೆ ಅನುಭವ ಇಲ್ಲ. 'ಮೇಸ್ತ್ರಿಗೆ ಗೊತ್ತು' ಎಂದರೆ ಅದಕ್ಕೆ ತಿಳಿಯದು. ಯಾವುದರ ನಂತರ ಯಾವುದು ಎಂಬುದನ್ನು ಒಂದೂ ಬಿಡದೆ ಹೇಳಬೇಕು. ಹಾಗೆ ಹೇಳಲು ಕೂತಾಗ ಕೆಲಿ ಮತ್ತು ವಾಕರ್ ಆರಿಸಿಕೊಂಡದ್ದು ಬಿಂದು ಮತ್ತು ಬಾಣಗಳ ಚಿತ್ರ. ಪ್ರತಿ ಬಾಣವೂ ಒಂದು ಕೆಲಸ. ಬಾಣಗಳು ಕೂಡುವ ಪ್ರತಿ ವೃತ್ತವೂ 'ಇಷ್ಟು ಮುಗಿಯಿತು, ಇನ್ನು ಮುಂದಿನದು' ಎಂದು ಹೇಳುವ ಒಂದು ಘಟ್ಟ. ಬಿಂದು-ಗೆರೆಗಳ ಈ ಗಣಿತಕ್ಕೆ 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಒಗಟನ್ನು ಬಿಡಿಸಿದಾಗಲೇ ಅಡಿಪಾಯ ಬಿದ್ದಿತ್ತು. ಕಟ್ಟುವವರ ಕೈಗೆ ಅದು ಬಂದದ್ದು ಮಾತ್ರ ಈಗ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎನ್ನುವ ನಮ್ಮವರಿಗೆ ಈ ಜಾಲವನ್ನು ತಿಳಿಯಲು ಡುಪಾಂಟ್ ಕಾರ್ಖಾನೆಯವರೆಗೆ ಹೋಗಬೇಕಾಗಿಲ್ಲ. ಒಂದು ಸಣ್ಣ ತಾರಸಿ ಮನೆ ಸಾಕು. ದಿನಗಳ ಲೆಕ್ಕ ಊಹೆಯದು, ಆದರೆ ಕ್ರಮ ಎಲ್ಲ ಊರಿನದೂ ಅದೇ.

ಪಾಯ ತೆಗೆದು ಕಟ್ಟಲು 12 ದಿನ ಎನ್ನೋಣ. ಅದೇ ಹೊತ್ತಿಗೆ ಬಡಗಿ ಬಾಗಿಲು ಕಿಟಕಿಗಳ ಚೌಕಟ್ಟು ಮಾಡಲು 8 ದಿನ. ಎರಡೂ ಆದ ಮೇಲೆ ಬಾಗಿಲು ನಿಲ್ಲಿಸಿ ಗೋಡೆ ಎಬ್ಬಿಸಲು 15 ದಿನ. ಆಮೇಲೆ ಸೆಂಟ್ರಿಂಗ್ ಹೊಡೆದು ಕಂಬಿ ಕಟ್ಟಲು 8 ದಿನ. ಕಾಂಕ್ರೀಟು ಸುರಿಯುವ ಮುಂಚೆ ಎಲೆಕ್ಟ್ರಿಷಿಯನ್ ಬಂದು ಕಂಬಿಯ ನಡುವೆ ವೈರಿನ ಪೈಪುಗಳನ್ನು ಕೂರಿಸಲು 1 ದಿನ. ತಾರಸಿ ಹಾಕಲು 1 ದಿನ. ನೀರು ಕಟ್ಟಿ ಕ್ಯೂರಿಂಗ್ ಮಾಡಿ ಸೆಂಟ್ರಿಂಗ್ ಬಿಚ್ಚುವ ತನಕ 14 ದಿನ. ಒಳಗಿನ ಗಾರೆಗೆ 10, ನೆಲಕ್ಕೆ 7, ಬಾಗಿಲ ಕದ ಕೂರಿಸಿ ಬಣ್ಣ ಬಳಿಯಲು 8. ಕೂಡಿದರೆ 76 ದಿನ. ಇದಲ್ಲದೆ ಕದಗಳನ್ನು ಮಾಡಲು ಇನ್ನೊಬ್ಬ ಬಡಗಿಗೆ ಮೊದಲ ದಿನದಿಂದ 20 ದಿನ ಬೇಕು; ಪಾಯ ಆದ ಮೇಲೆ ಕಾಂಪೌಂಡು ಗೋಡೆಗೆ 18 ದಿನ ಬೇಕು. ಇವು ಪಕ್ಕದಲ್ಲಿ ತಮ್ಮಷ್ಟಕ್ಕೆ ನಡೆಯುತ್ತವೆ.

ಈಗ ಎರಡು ಸಲ ಲೆಕ್ಕ ಮಾಡಬೇಕು. ಮೊದಲು ಎಡದಿಂದ ಬಲಕ್ಕೆ ನಡೆಯುತ್ತಾ ಪ್ರತಿ ಕೆಲಸವನ್ನೂ ಅತಿ ಬೇಗ ಎಂದರೆ ಯಾವಾಗ ಮುಗಿಸಬಹುದು ಎಂದು ಬರೆದುಕೊಳ್ಳುವುದು. ಎರಡು ಬಾಣಗಳು ಕೂಡುವಲ್ಲಿ ತಡವಾದುದಕ್ಕೆ ಕಾಯಬೇಕು. ಆದ್ದರಿಂದ ದೊಡ್ಡ ಸಂಖ್ಯೆಯನ್ನು ಹಿಡಿಯುವುದು. ಕೊನೆಗೆ 76 ಸಿಗುತ್ತದೆ. ಅಲ್ಲಿಂದ ಬಲದಿಂದ ಎಡಕ್ಕೆ ಹಿಂದೆ ನಡೆಯುತ್ತಾ, ಮನೆ ತಡವಾಗದಂತೆ ಪ್ರತಿ ಕೆಲಸವನ್ನೂ ಅತಿ ತಡವಾಗಿ ಎಂದರೆ ಯಾವಾಗ ಮುಗಿಸಬಹುದು ಎಂದು ಬರೆಯುವುದು. ಎರಡು ಸಂಖ್ಯೆಗಳ ನಡುವಿನ ಅಂತರವೇ ಆ ಕೆಲಸದ ಬಿಡುವು. ಎಂಜಿನಿಯರುಗಳು ಇದನ್ನು ಫ್ಲೋಟ್ ಎನ್ನುತ್ತಾರೆ.

ಚೌಕಟ್ಟಿನ ಬಡಗಿಗೆ 4 ದಿನ ಬಿಡುವಿದೆ. ಕದದ ಬಡಗಿಗೆ 48 ದಿನ. ಕಾಂಪೌಂಡಿನವರಿಗೆ 46 ದಿನ. ಉಳಿದ ಕೆಲಸಗಳಿಗೆ ಒಂದು ದಿನವೂ ಇಲ್ಲ. ಬಿಡುವಿಲ್ಲದ ಈ ಕೆಲಸಗಳ ಸರಪಳಿಯೇ ನಿರ್ಣಾಯಕ ಪಥ, ಕ್ರಿಟಿಕಲ್ ಪಾತ್. ಮನೆ ಯಾವಾಗ ಮುಗಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಇದೊಂದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎಲ್ಲಕ್ಕಿಂತ ಚಿಕ್ಕ ಕೆಲಸ ಎಲೆಕ್ಟ್ರಿಷಿಯನ್‌ನದು. ಒಂದೇ ದಿನ, ಖರ್ಚೂ ಕಡಿಮೆ. ಗ್ಯಾಂಟ್ ನಕ್ಷೆಯಲ್ಲಿ ಅದು ಕಣ್ಣಿಗೆ ಬೀಳದಷ್ಟು ಪುಟ್ಟ ಚುಕ್ಕೆ. ಆದರೆ ಅವನು ಮೂರು ದಿನ ಕೈಕೊಟ್ಟರೆ ಇಡೀ ಮನೆ ಮೂರು ದಿನ ಮುಂದಕ್ಕೆ ಹೋಗುತ್ತದೆ. ಕಾಂಪೌಂಡು ಗೋಡೆ ನೋಡಲು ದೊಡ್ಡ ಕೆಲಸ, ಆಳು ಹೆಚ್ಚು, ಸದ್ದು ಹೆಚ್ಚು. ಅದು ಒಂದು ತಿಂಗಳು ನಿಂತರೂ ಗೃಹಪ್ರವೇಶದ ಮುಹೂರ್ತಕ್ಕೆ ಭಂಗವಿಲ್ಲ. ಮನೆಯ ಯಜಮಾನ ಮಾತ್ರ ಎದುರಿಗೆ ಕಾಣುವ ಕಾಂಪೌಂಡಿನವರ ಮೇಲೆ ರೇಗುತ್ತಿರುತ್ತಾನೆ.

ವಾಕರ್ ಮತ್ತು ಕೆಲಿ ಮೊದಲಿಗೆ ಹಿಡಿದದ್ದು ಇದೇ ಎಳೆಯನ್ನು. ಕಾಮಗಾರಿ ತಡವಾದಾಗ ಕಂಪೆನಿಗಳು ಎಲ್ಲ ಕೆಲಸಗಳಿಗೂ ಹೆಚ್ಚು ಆಳು, ಹೆಚ್ಚುವರಿ ಪಾಳಿ ಹಾಕಿ ಹಣ ಸುರಿಯುತ್ತಿದ್ದವು. ಆತುರ ಪಡಿಸಬೇಕಾದದ್ದು ನಿರ್ಣಾಯಕ ಪಥದ ಕೆಲವೇ ಕೆಲಸಗಳನ್ನು. ಅವುಗಳಲ್ಲೂ ಯಾವುದನ್ನು ಒಂದು ದಿನ ಇಳಿಸಲು ಖರ್ಚು ಕಡಿಮೆಯೋ ಅದನ್ನು ಮೊದಲು. ನಮ್ಮ ಮನೆಯಲ್ಲೇ ನೋಡಿ: ಗೋಡೆಯವರನ್ನು ಹೆಚ್ಚಿಸಿ 15 ದಿನವನ್ನು 10ಕ್ಕೆ ಇಳಿಸಿದರೆ ಪೂರ್ತಿ 5 ದಿನ ಉಳಿಯುತ್ತದೆ. ಪಾಯದವರನ್ನು ಹೆಚ್ಚಿಸಿ 12ನ್ನು 7ಕ್ಕೆ ಇಳಿಸಿದರೆ ಉಳಿಯುವುದು 4 ದಿನ ಮಾತ್ರ. ಅಷ್ಟರಲ್ಲಿ ಚೌಕಟ್ಟಿನ ಬಡಗಿಯ 8 ದಿನ ಎದುರಾಗಿ, ನಿರ್ಣಾಯಕ ಪಥ ಪಾಯವನ್ನು ಬಿಟ್ಟು ಬಡಗಿಯ ಅಂಗಳಕ್ಕೆ ಹೊರಳಿರುತ್ತದೆ. ಐದನೆಯ ದಿನಕ್ಕೆ ಕೊಟ್ಟ ಕೂಲಿ ನೀರಿನಲ್ಲಿ ಹೋಮ. ಕ್ಯೂರಿಂಗಿನ 14 ದಿನವನ್ನಂತೂ ಆಳು ಹೆಚ್ಚಿಸಿ ಇಳಿಸುವ ಮಾತೇ ಇಲ್ಲ. ನೂರಾರು ಕೆಲಸಗಳಿರುವ ಕಾಮಗಾರಿಯಲ್ಲಿ ಈ ಹೊರಳಾಟವನ್ನು ಬಾಯಿಲೆಕ್ಕದಲ್ಲಿ ಹಿಡಿಯುವುದು ಅಸಾಧ್ಯ. ಕೆಲಿ ಇದಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಗಣಿತವನ್ನು ಹೂಡಿದರು. ಯೂನಿವ್ಯಾಕ್‌ಗೆ ಕೊನೆಗೂ ತಕ್ಕ ಕೆಲಸ ಸಿಕ್ಕಿತು.

ಪ್ರಯೋಗಕ್ಕೆ ಆರಿಸಿಕೊಂಡದ್ದು ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಡುಪಾಂಟ್ ಕಟ್ಟಲಿದ್ದ ಸುಮಾರು ಒಂದು ಕೋಟಿ ಡಾಲರಿನ ಕಾರ್ಖಾನೆ. ಕೆಲಸವನ್ನು 800ಕ್ಕೂ ಹೆಚ್ಚು ತುಂಡುಗಳಾಗಿ ಒಡೆದು ಜಾಲ ಹೆಣೆದರು. ಕಟ್ಟುವ ಕೆಲಸಗಳಷ್ಟೇ ಅಲ್ಲ, ವಿನ್ಯಾಸ ಮತ್ತು ಸಾಮಾನು ಖರೀದಿಯ ಕೆಲಸಗಳೂ ಆ ಜಾಲದಲ್ಲಿ ಸೇರಿದ್ದವು ಎಂಬುದನ್ನು ನೆನಪಿಡಬೇಕು. ಮುಂದೆ ಇದು ಬೇಕಾಗುತ್ತದೆ. ಹೆಚ್ಚು ಸುದ್ದಿಯಾದದ್ದು ಅದರ ನಂತರದ ಪ್ರಯೋಗ. ಅದೇ ಊರಿನ ನಿಯೋಪ್ರೀನ್ ಕಾರ್ಖಾನೆಯನ್ನು ದುರಸ್ತಿಗಾಗಿ ಆಗಾಗ ನಿಲ್ಲಿಸಬೇಕಾಗುತ್ತಿತ್ತು. ಅಲ್ಲಿನ ಒಂದು ರಾಸಾಯನಿಕ ತನ್ನಿಂದ ತಾನೇ ಸ್ಫೋಟಗೊಳ್ಳುವಂಥದು. ಯಂತ್ರ ಓಡುತ್ತಿರುವಾಗ ದುರಸ್ತಿ ಮಾಡುವಂತಿರಲಿಲ್ಲ. ಪ್ರತಿ ಸಲ ಸರಾಸರಿ 125 ಗಂಟೆ ಕಾರ್ಖಾನೆ ನಿಲ್ಲುತ್ತಿತ್ತು. ಜಾಲ ಹೆಣೆದು ನೋಡಿ ಕ್ರಮ ಬದಲಿಸಿದ ಮೇಲೆ ಅದು 93 ಗಂಟೆಗೆ ಇಳಿಯಿತು, ಮುಂದೆ 78ಕ್ಕೂ ಬಂತು. ಕೆಲಿ ಮತ್ತು ವಾಕರ್ 1959ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಗಣಕ ಸಮ್ಮೇಳನದಲ್ಲಿ ತಮ್ಮ ವಿಧಾನವನ್ನು ಲೋಕಕ್ಕೆ ತಿಳಿಸಿದರು. ಇದೇ ಕ್ರಿಟಿಕಲ್ ಪಾತ್ ಮೆಥಡ್, ಸಿ.ಪಿ.ಎಂ. ಇದೇ ವರ್ಷಗಳಲ್ಲಿ ಬ್ರಿಟನ್ನಿನ ವಿದ್ಯುತ್ ಮಂಡಳಿಯವರೂ ತಮ್ಮ ಸ್ಥಾವರಗಳ ದುರಸ್ತಿಗಾಗಿ ಇಂಥದೇ ಉಪಾಯವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು. ಹಣ್ಣು ಮಾಗಿದಾಗ ಒಂದೇ ಕೊಂಬೆಯಿಂದ ಬೀಳುವುದಿಲ್ಲ.

'ಕ್ರಿಟಿಕಲ್ ಪಾತ್' ಎಂಬ ಹೆಸರು ಡುಪಾಂಟ್‌ನವರದಲ್ಲ. ಅವರು ಅದನ್ನು 'ಮುಖ್ಯ ಸರಪಳಿ' ಎನ್ನುತ್ತಿದ್ದರು. ಹೆಸರು ಬಂದದ್ದು ಅಮೆರಿಕದ ನೌಕಾಪಡೆಯ ಕಡೆಯಿಂದ.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿ ಅಮೆರಿಕದ ನಿದ್ದೆ ಕೆಡಿಸಿತು. ಜಲಾಂತರ್ಗಾಮಿಯಿಂದ ಹಾರಿಸುವ ಪೋಲಾರಿಸ್ ಕ್ಷಿಪಣಿಯನ್ನು ಬೇಗ ಮುಗಿಸುವ ಒತ್ತಡ ಬಿತ್ತು. ಯೋಜನೆಯ ಮುಖ್ಯಸ್ಥ ರಿಯರ್ ಅಡ್ಮಿರಲ್ ವಿಲಿಯಂ ರೇಬರ್ನ್. ಅವರ ಕಚೇರಿ, ಲಾಕ್‌ಹೀಡ್ ಕಂಪೆನಿ ಮತ್ತು ಬೂಸ್ ಅಲೆನ್ ಹ್ಯಾಮಿಲ್ಟನ್ ಎಂಬ ಸಲಹಾ ಸಂಸ್ಥೆಯವರು ಸೇರಿ 1958ರ ಆರಂಭದಲ್ಲಿ ಕೆಲಸಕ್ಕೆ ಕೂತು ರೂಪಿಸಿದ್ದು 'ಪರ್ಟ್' ವಿಧಾನ. ಜಾಲದ ತತ್ವ ಒಂದೇ. ಆದರೆ ಹಿಂದೆ ಯಾರೂ ಮಾಡದ ಕೆಲಸಕ್ಕೆ ಎಷ್ಟು ದಿನ ಎಂದು ಕೇಳಿದರೆ ಯಾರು ತಾನೇ ಹೇಳಿಯಾರು? ಅದಕ್ಕಾಗಿ ಮೂರು ಅಂದಾಜು ಕೇಳಿದರು: ಎಲ್ಲ ಸುಸೂತ್ರವಾದರೆ ಎಷ್ಟು, ಎಲ್ಲ ಕೆಟ್ಟರೆ ಎಷ್ಟು, ಸಾಮಾನ್ಯವಾಗಿ ಎಷ್ಟು. ಸಾಮಾನ್ಯದ ನಾಲ್ಕು ಪಟ್ಟಿಗೆ ಮೊದಲೆರಡನ್ನು ಕೂಡಿಸಿ ಆರರಿಂದ ಭಾಗಿಸುವುದು. 4, 6 ಮತ್ತು 14 ವಾರ ಎಂದು ಉತ್ತರ ಬಂದರೆ ಲೆಕ್ಕಕ್ಕೆ ಹಿಡಿಯುವುದು 7 ವಾರ.

1960ರ ಜುಲೈ 20ರಂದು 'ಜಾರ್ಜ್ ವಾಷಿಂಗ್ಟನ್' ಜಲಾಂತರ್ಗಾಮಿ ನೀರಿನಡಿಯಿಂದ ಪೋಲಾರಿಸನ್ನು ಹಾರಿಸಿತು. ಯೋಜನೆ ನಿಗದಿಗಿಂತ ಬಹಳ ಮೊದಲೇ ಮುಗಿದಿತ್ತು. ಪರ್ಟ್‌ನ ಕೀರ್ತಿ ಎಲ್ಲೆಡೆ ಹಬ್ಬಿತು. 1962ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮತ್ತು ನಾಸಾ ಸೇರಿ ಗುತ್ತಿಗೆದಾರರಿಗೆ ಅದರ ಕೈಪಿಡಿಯನ್ನೇ ಹೊರಡಿಸಿದವು. ಎದುರಾಳಿ ಸೋವಿಯತ್ ಒಕ್ಕೂಟವೂ ಆ ದಶಕದಲ್ಲಿ ಜಾಲ ಯೋಜನೆಯನ್ನು ತನ್ನ ನಿರ್ಮಾಣಗಳಿಗೆ ಅಳವಡಿಸಿಕೊಂಡಿತು.

ಈ ಕೀರ್ತಿಯಲ್ಲಿ ಎಷ್ಟು ಭಾಗ ಗಟ್ಟಿ? ಹಾರ್ವೆ ಸಪೋಲ್ಸ್ಕಿ ಎಂಬ ರಾಜ್ಯಶಾಸ್ತ್ರಜ್ಞ ಪೋಲಾರಿಸ್ ಕಚೇರಿಯ ಒಳಗಿನ ಕತೆಯನ್ನು ಕೆದಕಿ 1972ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದು ಬೇರೆಯೇ. ಕ್ಷಿಪಣಿಯ ತಾಂತ್ರಿಕ ವಿಭಾಗದವರಲ್ಲಿ ಅನೇಕರು ಪರ್ಟ್ ಅನ್ನು ಹೆಚ್ಚಾಗಿ ನೆಚ್ಚಿಕೊಂಡಿರಲಿಲ್ಲ. ಅದರ ದೊಡ್ಡ ಉಪಯೋಗ ಹೊರಗಿನವರಿಗೆ ತೋರಿಸುವುದರಲ್ಲಿ ಇತ್ತು. ಸಂಸತ್ತಿನವರೋ ರಕ್ಷಣಾ ಇಲಾಖೆಯ ಮೇಲಧಿಕಾರಿಗಳೋ ಮೂಗು ತೂರಿಸಲು ಬಂದಾಗ ಗೋಡೆ ತುಂಬ ಹರಡಿದ ಬಾಣಗಳ ಜಾಲ ನೋಡಿ 'ಇವರ ಕೈಯಲ್ಲಿ ಎಲ್ಲ ಹಿಡಿತದಲ್ಲಿದೆ' ಎಂದು ಹಿಂದಿರುಗುತ್ತಿದ್ದರು. ನಿಜವಾದ ಎಂಜಿನಿಯರುಗಳು ಆ ರಕ್ಷೆಯ ಹಿಂದೆ ನೆಮ್ಮದಿಯಾಗಿ ಕೆಲಸ ಮಾಡಿದರು. ಹಾಗೆಂದು ವಿಧಾನವೇ ಸುಳ್ಳು ಎನ್ನುವಂತಿಲ್ಲ; ಲೂಯಿವಿಲ್‌ನ ಗಂಟೆಗಳು ಇಳಿದದ್ದು ನಿಜ. ಆದರೆ ಒಂದೇ ನಕ್ಷೆ ಒಂದು ಕಡೆ ಕನ್ನಡಿಯಾಗಿಯೂ ಇನ್ನೊಂದು ಕಡೆ ಪರದೆಯಾಗಿಯೂ ದುಡಿಯಬಲ್ಲದು ಎಂಬುದು ತಿಳಿದುಹೋಯಿತು.

ಇತ್ತ ಸಾಮಾನ್ಯ ಕಟ್ಟಡ ಗುತ್ತಿಗೆದಾರನ ಪಾಡೇನು? ಅವನ ಬಳಿ ಯೂನಿವ್ಯಾಕ್ ಇರಲಿಲ್ಲ. ಎನಿಯಾಕ್ ಗಣಕಯಂತ್ರವನ್ನು ನಿರ್ಮಿಸಿದವರಲ್ಲಿ ಒಬ್ಬರಾದ ಜಾನ್ ಮಾಕ್ಲಿ 1959ರಲ್ಲಿ ಸ್ವಂತ ಸಂಸ್ಥೆ ತೆರೆದು ಸಿ.ಪಿ.ಎಂ. ಕಲಿಸತೊಡಗಿದರು, ಕೆಲಿಯೂ ಅವರ ಜೊತೆ ಸೇರಿದರು. ಆದರೂ ಅದು ದುಬಾರಿ ಬಾಬತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಜಾನ್ ಫಾಂಡಾಲ್ 1961ರಲ್ಲಿ ಪ್ರಕಟಿಸಿದ ವರದಿಯೊಂದು ಈ ಗಂಟನ್ನು ಬಿಡಿಸಿತು. ವರದಿಗೆ ಹಣ ಕೊಟ್ಟದ್ದು ಮತ್ತೆ ನೌಕಾಪಡೆಯೇ, ಅದರ ಕಟ್ಟಡ ಮತ್ತು ಹಡಗುಕಟ್ಟೆಗಳ ವಿಭಾಗ. ಗಣಕಯಂತ್ರವಿಲ್ಲದೆ, ಕಾಗದ ಪೆನ್ಸಿಲಿನಿಂದಲೇ ಈ ಲೆಕ್ಕವನ್ನು ಮಾಡುವುದು ಹೇಗೆ ಎಂಬುದೇ ಅದರ ವಿಷಯ.

ಫಾಂಡಾಲ್ ಮಾಡಿದ ದೊಡ್ಡ ಬದಲಾವಣೆ ನೋಡಲು ಚಿಕ್ಕದು. ಅವರು ಚಿತ್ರವನ್ನು ಒಳಹೊರಗು ಮಾಡಿದರು. ಕೆಲಸವನ್ನು ಬಾಣದ ಮೇಲೆ ಬರೆಯುವ ಬದಲು ವೃತ್ತದೊಳಗೆ ಬರೆದರು. ಬಾಣ ಬರೀ ಸಂಬಂಧವನ್ನು ಸೂಚಿಸುವ ಗೆರೆಯಾಯಿತು. ಹಳೆಯ ಪದ್ಧತಿಯಲ್ಲಿ ಒಂದು ಪೀಡೆ ಇತ್ತು. ಗಾರೆ ಮುಗಿದ ಮೇಲೆ ನೆಲ, ಗಾರೆ ಮತ್ತು ವೈರಿಂಗ್ ಎರಡೂ ಮುಗಿದ ಮೇಲೆ ಬಣ್ಣ ಎಂಬಷ್ಟನ್ನು ತೋರಿಸಬೇಕಾದರೂ ಕೆಲಸವೇ ಇಲ್ಲದ ಒಂದು ಹುಸಿ ಬಾಣವನ್ನು ಚುಕ್ಕೆಗೆರೆಯಲ್ಲಿ ಎಳೆಯಬೇಕಿತ್ತು. ದೊಡ್ಡ ಜಾಲದಲ್ಲಿ ಹುಸಿ ಬಾಣಗಳು ಪಾರ್ಥೇನಿಯಂನಂತೆ ಬೆಳೆಯುತ್ತಿದ್ದವು. ಫಾಂಡಾಲ್ ಚಿತ್ರದಲ್ಲಿ ಅದರ ಅಗತ್ಯವೇ ಇಲ್ಲ. ಫ್ರಾನ್ಸಿನಲ್ಲಿ ಬರ್ನಾರ್ ರುವಾ ಎಂಬ ಗಣಿತಜ್ಞರು 1958ರ ಸುಮಾರಿಗೇ ಇಂಥ ಚಿತ್ರವನ್ನು ರೂಪಿಸಿದ್ದರು. ಅಟ್ಲಾಂಟಿಕ್ ದಾಟುವ ಹೊತ್ತಿಗೆ ಮತ್ತೆ ಭಾಷೆಯ ಗೋಡೆ ಅಡ್ಡ ಬಂತು. ಇಂದು ಕಂಪ್ಯೂಟರುಗಳಲ್ಲಿ ಓಡುವ ವೇಳಾಪಟ್ಟಿಗಳ ಹೊಟ್ಟೆಯಲ್ಲಿರುವುದು ಈ ಎರಡನೆಯ ಬಗೆಯ ಜಾಲವೇ.

ನಮ್ಮ ದೇಶದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರ್ಟ್ ಮತ್ತು ಸಿ.ಪಿ.ಎಂ. ಹೊಸ ಹೆಸರುಗಳಲ್ಲ. ಪುನ್ಮಿಯಾ ಮತ್ತು ಖಂಡೇಲ್‌ವಾಲ್ ಅವರ ಪಠ್ಯಪುಸ್ತಕದ ಲೆಕ್ಕಗಳನ್ನು ಬಿಡಿಸಿಯೇ ತಲೆಮಾರುಗಳು ಪರೀಕ್ಷೆ ದಾಟಿವೆ. ಕರ್ನಾಟಕದ ಕಾಲೇಜುಗಳಲ್ಲೂ ಇದು ಪಾಠದ ಭಾಗ. ಹುಸಿ ಬಾಣ ಎಲ್ಲಿ ಹಾಕಬೇಕು ಎಂಬ ಹತ್ತು ಅಂಕದ ಪ್ರಶ್ನೆಗೆ ಬೆವರು ಸುರಿಸದವರು ವಿರಳ. ಆದರೂ ನಮ್ಮ ದೊಡ್ಡ ಕಾಮಗಾರಿಗಳು ತಡವಾಗುವುದೇಕೆ ಎಂಬ ಪ್ರಶ್ನೆ ಏಳುತ್ತದೆ. ಕೇಂದ್ರ ಸರ್ಕಾರ 1985ರಲ್ಲಿ ಕಾರ್ಯಕ್ರಮ ಅನುಷ್ಠಾನಕ್ಕೆಂದೇ ಒಂದು ಸಚಿವಾಲಯವನ್ನು ತೆರೆಯಿತು. ಯೋಜನೆಗಳ ವಿಳಂಬದ ವರದಿಗಳು ಅಲ್ಲಿಂದ ಈಚೆಗೆ ಕ್ರಮವಾಗಿ ಬರುತ್ತಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣಗಳು ಭೂಸ್ವಾಧೀನ, ಅರಣ್ಯ ಮತ್ತು ಪರಿಸರ ಇಲಾಖೆಯ ಒಪ್ಪಿಗೆ, ವಿದ್ಯುತ್ ತಂತಿ ಮತ್ತು ನೀರಿನ ಕೊಳವೆಗಳ ಸ್ಥಳಾಂತರ, ವಿನ್ಯಾಸದ ಬದಲಾವಣೆ, ಹಣ ಬಿಡುಗಡೆಯಲ್ಲಿ ತಡ.

ಗುತ್ತಿಗೆದಾರ ಟೆಂಡರಿನ ಜೊತೆ ಕೊಡುವ ಜಾಲ ಸಾಮಾನ್ಯವಾಗಿ ಆರಂಭವಾಗುವುದು 'ಸ್ಥಳ ವಶಕ್ಕೆ ಬಂದ ದಿನ'ದಿಂದ. ಮೇಲೆ ಹೇಳಿದ ಕಾರಣಗಳಲ್ಲಿ ಹೆಚ್ಚಿನವು ಆ ಮೊದಲ ವೃತ್ತಕ್ಕೂ ಹಿಂದೆಯೇ ಬೇರು ಬಿಟ್ಟಿರುತ್ತವೆ. ಲೂಯಿವಿಲ್‌ನ ಜಾಲದಲ್ಲಿ ವಿನ್ಯಾಸಕ್ಕೂ ಖರೀದಿಗೂ ಬಾಣಗಳಿದ್ದವು. ನಮ್ಮಲ್ಲಿ ಇಲಾಖೆಯಿಂದ ಇಲಾಖೆಗೆ ಅಲೆಯುವ ಕಡತಕ್ಕೆ ಬಾಣ ಎಳೆದವರು ಕಡಿಮೆ. ಎಳೆದರೆ ಅದರ ಮೇಲೆ ಯಾರದೋ ಹೆಸರನ್ನೂ ದಿನಗಳ ಸಂಖ್ಯೆಯನ್ನೂ ಬರೆಯಬೇಕಾಗುತ್ತದೆ. ಸಹಿ ಮಾಡುವ ಕೈ ಹಿಂಜರಿಯುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ.

ಹೆಸರಿನ ಪ್ರಶ್ನೆ ನಿಜವಾಗಿ ಬಿಸಿಯೇರುವುದು ಕಾಮಗಾರಿ ತಡವಾಗಿ ಎರಡು ಕಡೆಯವರೂ ವಕೀಲರನ್ನು ಹಿಡಿದಾಗ. ನಮ್ಮ 1872ರ ಕರಾರು ಕಾಯಿದೆಯ 55ನೆಯ ಕಲಮು ಸಮಯಕ್ಕೆ ಸರಿಯಾಗಿ ನಡೆಯದ ಕರಾರಿನ ಪರಿಣಾಮವನ್ನು ಹೇಳುತ್ತದೆ. ಆದರೆ ತಡ ಯಾರಿಂದ ಆಯಿತು ಎಂಬುದನ್ನು ತೋರಿಸುವುದು ಹೇಗೆ? ಮಾಲೀಕ ನಕ್ಷೆ ಕೊಡುವುದು ಇಪ್ಪತ್ತು ದಿನ ತಡ ಮಾಡಿದ; ಗುತ್ತಿಗೆದಾರ ಆಳು ಕಡಿಮೆ ಹಾಕಿದ; ನಡುವೆ ಮಳೆಯೂ ಬಂತು. ಎಲ್ಲರ ತಡವೂ ಕಟ್ಟಡವನ್ನು ತಡ ಮಾಡಿರುವುದಿಲ್ಲ. ನಿರ್ಣಾಯಕ ಪಥದ ಮೇಲೆ ಬಿದ್ದ ತಡ ಮಾತ್ರ ಲೆಕ್ಕಕ್ಕೆ. ಅಮೆರಿಕದ ಸರ್ಕಾರಿ ಗುತ್ತಿಗೆ ವ್ಯಾಜ್ಯಗಳ ಮಂಡಳಿಯೊಂದು 1972ರಲ್ಲಿ, ಗುತ್ತಿಗೆದಾರ ತಂದ ಪಟ್ಟಿನಕ್ಷೆಯಲ್ಲಿ ಕೆಲಸಗಳ ಪರಸ್ಪರ ಅವಲಂಬನೆ ಕಾಣುವುದಿಲ್ಲ, ಆದ್ದರಿಂದ ಅದು ಸಾಕ್ಷ್ಯವಾಗಿ ಸಾಲದು ಎಂದು ತಳ್ಳಿಹಾಕಿತು. ಅಲ್ಲಿಂದ ಜಾಲನಕ್ಷೆ ಕಟ್ಟುವವರ ಮೇಜಿನಿಂದ ವಾದಿಸುವವರ ಮೇಜಿಗೂ ಏರಿತು.

ಏರಿದ ಮೇಲೆ ಹೊಸ ಜಗಳವೂ ಹುಟ್ಟಿತು. ಬಿಡುವು ಯಾರ ಸ್ವತ್ತು? ನಮ್ಮ ಮನೆಯ ಚೌಕಟ್ಟಿಗೆ 4 ದಿನ ಬಿಡುವಿತ್ತಲ್ಲ. ಯಾವ ಮರ ಬೇಕೆಂದು ಯಜಮಾನ ತೀರ್ಮಾನಿಸಲು 4 ದಿನ ಕಳೆದ. ಆಮೇಲೆ ಬಡಗಿ 2 ದಿನ ತಡ ಮಾಡಿದ. ಮನೆ 2 ದಿನ ತಡವಾಯಿತು. ದೋಷ ಕೊನೆಯಲ್ಲಿ ತಡ ಮಾಡಿದ ಬಡಗಿಯದೋ, ಅವನ ಬಿಡುವನ್ನು ಮೊದಲೇ ತಿಂದು ಕುಳಿತ ಯಜಮಾನನದೋ? ಗುತ್ತಿಗೆದಾರರು ಬಿಡುವು ತಮ್ಮದೆನ್ನುತ್ತಾರೆ, ಏಕೆಂದರೆ ಜಾಲ ಹೆಣೆದವರು ತಾವು. ಮಾಲೀಕರು ತಮ್ಮದೆನ್ನುತ್ತಾರೆ, ಏಕೆಂದರೆ ಹಣ ಕೊಡುವವರು ತಾವು. ಬ್ರಿಟನ್ನಿನ ನಿರ್ಮಾಣ ಕಾನೂನು ಸಂಘ 2002ರಲ್ಲಿ ಹೊರಡಿಸಿದ ಮಾರ್ಗಸೂಚಿ ಬಿಡುವು ಯಾರ ಸ್ವಂತದ್ದೂ ಅಲ್ಲ, ಅದು ಯೋಜನೆಯದು, ಮೊದಲು ಬಳಸಿಕೊಂಡವನಿಗೆ ದಕ್ಕುತ್ತದೆ ಎಂಬ ದಾರಿ ಹಿಡಿಯಿತು. ಬಡಗಿಗೆ ಇದು ನ್ಯಾಯವೆನ್ನಿಸದು. ಜಾಣ ಗುತ್ತಿಗೆದಾರರು ಇದಕ್ಕೂ ಮದ್ದು ಕಂಡುಕೊಂಡಿದ್ದಾರೆ: 8 ದಿನದ ಕೆಲಸಕ್ಕೆ 12 ದಿನ ಬರೆದು ಬಿಡುವೇ ಕಾಣದಂತೆ ಮಾಡುತ್ತಾರೆ. ಹೀಗೆ ಎಲ್ಲರೂ ಬಚ್ಚಿಟ್ಟುಕೊಳ್ಳುವ ದಿನಗಳ ಬಗ್ಗೆಯೇ ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ 1997ರಲ್ಲಿ ಒಂದು ಕಾದಂಬರಿಯನ್ನೇ ಬರೆದರು. ಬಚ್ಚಿಟ್ಟ ದಿನಗಳನ್ನೆಲ್ಲ ಕಿತ್ತು ಕೊನೆಯಲ್ಲಿ ಒಂದೇ ಕಡೆ ಗಂಟು ಕಟ್ಟಿಡಿ ಎಂಬುದು ಅವರ ಸಲಹೆ.

1983ರಲ್ಲಿ ಅಮೆರಿಕದಲ್ಲಿ ಪ್ರೈಮಾವೆರಾ ಎಂಬ ಸಂಸ್ಥೆ ಹುಟ್ಟಿ ಮೇಜಿನ ಮೇಲಿನ ಕಂಪ್ಯೂಟರಿಗೆ ಸಿ.ಪಿ.ಎಂ. ತಂದಿತು, ಮರುವರ್ಷ ಮೈಕ್ರೊಸಾಫ್ಟ್ ಪ್ರಾಜೆಕ್ಟ್ ಬಂತು. ಪ್ರೈಮಾವೆರಾ 2008ರಲ್ಲಿ ಓರೆಕಲ್ ಕಂಪೆನಿಯ ಪಾಲಾಯಿತು. ತಮಾಷೆಯೆಂದರೆ ಈ ಯಂತ್ರಗಳ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದು ವೃತ್ತ-ಬಾಣಗಳ ಜಾಲವಲ್ಲ, ಗ್ಯಾಂಟನ ಅಡ್ಡಪಟ್ಟಿಗಳೇ. ಸಾವಿರಾರು ಕೆಲಸಗಳ ಜಾಲ ಮನುಷ್ಯನ ಕಣ್ಣಿಗೆ ಜೇಡರಬಲೆಯಾಗುತ್ತದೆ. ಪಟ್ಟಿಯನ್ನು ಯಾರೂ ಓದಬಲ್ಲರು. ಲೆಕ್ಕ ಜಾಲದ್ದು, ಮುಖ ಪಟ್ಟಿಯದು.

ಅಷ್ಟಾದರೂ ಮಾತು ಕೊನೆಗೆ ಬರುವುದು ಮಾತಿಗೇ. ಗ್ಲೆನ್ ಬಲಾರ್ಡ್ ಮತ್ತು ಗ್ರೆಗ್ ಹೊವೆಲ್ ಎಂಬ ಅಮೆರಿಕದ ಇಬ್ಬರು ತಜ್ಞರು 1990ರ ದಶಕದಲ್ಲಿ ನಿರ್ಮಾಣ ಸ್ಥಳಗಳಲ್ಲಿ ಒಂದು ಸರಳ ಎಣಿಕೆ ಮಾಡಿದರು. ಈ ವಾರ ಮಾಡುತ್ತೇವೆ ಎಂದು ಬರೆದುಕೊಂಡ ಕೆಲಸಗಳಲ್ಲಿ ವಾರದ ಕೊನೆಗೆ ಎಷ್ಟು ಮುಗಿದಿವೆ? ಸುಮಾರು ಅರ್ಧದಷ್ಟು ಮಾತ್ರ. ಕಚೇರಿಯ ಕಂಪ್ಯೂಟರಿನಲ್ಲಿ ಎಂಥ ಜಾಲವಿದ್ದರೂ ಸ್ಥಳದಲ್ಲಿ ಮಾತು ಕೊಡುವವನು ಮೇಸ್ತ್ರಿ. ಹಿಂದಿನ ಕೆಲಸ ಮುಗಿದಿದೆಯೇ, ಸಾಮಾನು ಬಂದಿದೆಯೇ ಎಂಬುದು ಅವನಿಗೆ ಗೊತ್ತು, ಅವನನ್ನು ಯಾರೂ ಕೇಳಿರುವುದಿಲ್ಲ. ಅವರು ರೂಪಿಸಿದ ಪದ್ಧತಿಯಲ್ಲಿ ಬೇರೆ ಬೇರೆ ಕೆಲಸಗಳ ಮೇಸ್ತ್ರಿಗಳು ಒಂದೆಡೆ ಕೂತು ಮುಂದಿನ ವಾರದ ಪಟ್ಟಿಯನ್ನು ತಾವೇ ಬರೆಯುತ್ತಾರೆ. ಹಲವು ದೇಶಗಳ ನಿರ್ಮಾಣ ಸ್ಥಳಗಳಲ್ಲಿ ಈಗ ಇದಕ್ಕಾಗಿ ಗೋಡೆಯ ಮೇಲೆ ಬಣ್ಣಬಣ್ಣದ ಚೀಟಿಗಳನ್ನು ಅಂಟಿಸುತ್ತಾರೆ. ಒಂದು ಚೀಟಿಗೆ ಒಂದು ಕೆಲಸ. ತನಗೆ ಮೊದಲು ಯಾರು ಮುಗಿಸಿಕೊಡಬೇಕು ಎಂಬುದನ್ನೂ ಅದರ ಮೇಲೆ ಬರೆದಿರುತ್ತಾರೆ. ದಿನ ಬದಲಾದರೆ ಚೀಟಿಯನ್ನು ಕಿತ್ತು ಪಕ್ಕಕ್ಕೆ ಸರಿಸುತ್ತಾರೆ. 1896ರಲ್ಲಿ ಆಡಮಿಯೆಟ್ಸ್ಕಿಯ ಕಾಗದದ ಪಟ್ಟಿಗಳಲ್ಲಿ ಇದ್ದದ್ದೂ ಇಷ್ಟೇ.